ದೊಡ್ಡ ದೋಣಿಯಲ್ಲಿ ನನ್ನ ಜಾಗ

ನಮ್ಮ ಸಣ್ಣ ದೋಣಿಯನ್ನು ಮಾರಿದ ಸುದ್ದಿ ನನಗೆ ಹೇಳಿದ್ದು ನನ್ನ ಗಂಡನಲ್ಲ, ದಡದಲ್ಲಿ ಟೀ ಮಾರುವ ಹೆಂಗಸು. ಅಣೆಕಟ್ಟಿನ ಹಿನ್ನೀರಿನಲ್ಲಿ ಎಷ್ಟೋ ವರ್ಷ ನಾವಿಬ್ಬರೇ ಆ ದೋಣಿಯಲ್ಲಿ ಮೀನು ಹಿಡಿದಿದ್ದೆವು. ಅವನು ಬಲೆ ಬಿಡುತ್ತಿದ್ದ, ನಾನು ಹುಟ್ಟು ಹಾಕುತ್ತಿದ್ದೆ.

ಕನ್ನಡ ಮಾತಿನ ನಮ್ಮವರು ತಮಿಳುನಾಡಿನ ಕಂಬಂ ಕಣಿವೆಯಲ್ಲಿ ತಲೆತಲಾಂತರದಿಂದ ಬೇಸಾಯಗಾರರು. ನನ್ನ ತವರು ಕಾಮಯಗೌಂಡನ್‌ಪಟ್ಟಿ. ದ್ರಾಕ್ಷಿ ಚಪ್ಪರದ ಕೆಳಗೆ ಬೆಳೆದವಳು ನಾನು. ಮಾಮಾ ಎಂದೇ ಕರೆಯುತ್ತಿದ್ದ ಸೋದರಮಾವನ ಮಗನನ್ನೇ ಮದುವೆಯಾಗಿ ಈ ಹಿನ್ನೀರಿನ ಊರಿಗೆ ಬಂದೆ. ಅವನಿಗೆ ಹೊಲಕ್ಕಿಂತ ನೀರು ಹಿಡಿಸಿತು. ನನಗೂ ಹಿಡಿಸಿತು. ಹೆಂಗಸು ದೋಣಿ ಹತ್ತುವುದೇ ಎಂದು ಅತ್ತೆ ತಿಂಗಳುಗಟ್ಟಲೆ ನನ್ನೊಡನೆ ಮಾತು ಬಿಟ್ಟಿದ್ದರು. ತವರಿನ ಮದುವೆಗಳಲ್ಲಿ ನಾನು ಪಕ್ಕದಲ್ಲಿ ಕುಳಿತರೆ ಸೆರಗಿನಿಂದ ಮೂಗು ಮುಚ್ಚಿಕೊಂಡವರಿದ್ದಾರೆ. ಅದನ್ನೆಲ್ಲ ನುಂಗಿಕೊಂಡು ನಾನು ಆ ದೋಣಿಯಲ್ಲಿ ಜಾಗ ಮಾಡಿಕೊಂಡಿದ್ದೆ.

ದೊಡ್ಡ ದೋಣಿ ಬೇಡವೆಂದು ನಾನು ಹೇಳಿರಲಿಲ್ಲ. ಉದ್ದದ ಬಲೆ ಬಿಡಲು ನಮ್ಮದು ಸಾಲುತ್ತಿರಲಿಲ್ಲ, ಗಾಳಿಗೆ ಒಳಗೆ ನೀರು ನುಗ್ಗುತ್ತಿತ್ತು. ಒಂದು ಹಳೆಯದನ್ನು ಇಬ್ಬರೂ ಹೋಗಿ ನೋಡಿ ತರೋಣ ಎಂದು ಮಾತಾಗಿತ್ತು. ಆದರೆ ಅವನು ತನ್ನ ತಂಗಿಯ ಗಂಡನನ್ನು ಕರೆದುಕೊಂಡು ರಾಮನಾಥಪುರದ ಕಡಲ ಕಡೆ ಹೋಗಿ, ಲಾರಿಯಲ್ಲಿ ಹೇರಿಕೊಂಡೇ ಬಂದ. ಎತ್ತರದ ಅಂಚಿನ ಫೈಬರ್ ದೋಣಿ. ಹಿಂದೆ ತಗುಲಿಸುವ ಎಂಜಿನ್ ನಮ್ಮ ಮದುವೆಗಿಂತ ಹಳೆಯದು. ಮೇಲಿನ ಮುಚ್ಚಳಕ್ಕೆ ಮಾತ್ರ ಹೊಸ ನೀಲಿ ಬಣ್ಣ. ಅದನ್ನು ಹಗ್ಗ ಎಳೆದು ಚಾಲೂ ಮಾಡಬೇಕು. ನಾನು ಎರಡು ಸಲ ಎಳೆದೆ. ಭುಜ ಕಿತ್ತು ಬಂದಂತಾಯಿತೇ ಹೊರತು ಎಂಜಿನ್ ಕೆಮ್ಮಲೂ ಇಲ್ಲ.

"ಇದು ಗಂಡಾಳು ಎಳ್ಯೋ ಎಂಜಿನ್," ಎಂದ ಗಂಡ. "ನೀ ಇನ್ಮೇಲೆ ಮನೇಲಿ ನಿಮ್ಮದಿಯಾ ಇರು. ಮಚ್ಚಾನ್ ಬರ್ತಾನೆ ನಂಜೊತೆ."

ಮಚ್ಚಾನ್ ಎಂದರೆ ಅದೇ ತಂಗಿಯ ಗಂಡ. ವೇದಸಂದೂರಿನ ಕಡೆ ನೂಲಿನ ಮಿಲ್ಲಿನ ಕೆಲಸ ಬಿಟ್ಟು ಬಂದಿದ್ದ. ತೋಳು ದಪ್ಪವಿತ್ತು, ಈಜು ಬರುತ್ತಿರಲಿಲ್ಲ. ಅವನು ದೋಣಿ ಹತ್ತಿ ಕೂತು ನನ್ನ ಕಡೆ ನೋಡಿ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಊರಿನವರೆಲ್ಲ ಹೇಳಿ ಹೇಳಿ ಸೋತ ಮಾತನ್ನು ಈ ತುಕ್ಕು ಹಿಡಿದ ಕಬ್ಬಿಣ ಒಂದೇ ದಿನದಲ್ಲಿ ಮಾಡಿ ಮುಗಿಸಿತ್ತು. ಹೆಂಗಸು ಮನೆಗೆ ಬಂದಳು.

ಹರಿದ ಬಲೆ ಮನೆಗೆ ಬರುತ್ತಿತ್ತು. ಹೆಣೆಯಲು ಮಾತ್ರ ನಾನು ಬೇಕು. ನಾನು ಮುಟ್ಟಲಿಲ್ಲ. ಹಿತ್ತಿಲಲ್ಲಿ ರಾಶಿ ಬಿದ್ದು ಬೆಕ್ಕುಗಳು ಅದರ ಮೇಲೆ ಮಲಗಿದವು. ಅತ್ತೆ ಗೊಣಗಿದರು, ಹೆಣೆಯಲು ಮಿಲ್ಲಿನವನ ಕೈಗೇ ಕೊಡಿ ಎಂದೆ. ಗಂಡನಿಗೆ ಅನ್ನ ಬಡಿಸಿದೆ, ಮಾತು ಬಡಿಸಲಿಲ್ಲ.

ಆಷಾಢಕ್ಕೆ ಬರುವ ಆಡಿ ತಿಂಗಳ ಗಾಳಿ ಎದ್ದಿತ್ತು. ಘಟ್ಟದಿಂದ ಇಳಿದು ಬರುವ ಆ ಗಾಳಿಗೆ ಇಲ್ಲಿ ತೆಂಗಿನ ಮರಗಳೇ ಒಂದು ಕಡೆಗೆ ವಾಲಿರುತ್ತವೆ. ಬೆಳಿಗ್ಗೆ ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ನಾನು ದಡಕ್ಕೆ ಹೋಗಿ ನಿಂತೆ. ಸಾಯಂಕಾಲದ ಬಸ್ಸಿನಿಂದ ಇಬ್ಬರೂ ಇಳಿದರು, ಕಾಲೆಲ್ಲ ಮುಳ್ಳು ಗೀರಿ. ನಡುನೀರಿನಲ್ಲಿ ಎಂಜಿನ್ ಕಾದು ನಿಂತುಬಿಟ್ಟಿತ್ತಂತೆ. ಸಣ್ಣ ದೋಣಿಯಿಂದ ಉಳಿಸಿಕೊಂಡಿದ್ದ ಹುಟ್ಟು ಆ ಎತ್ತರದ ಅಂಚಿನಿಂದ ನೀರಿಗೆ ಸರಿಯಾಗಿ ಎಟುಕದೆ, ಗಾಳಿ ಅವರನ್ನು ಆಚೆ ದಡದ ಜಾಲಿಯ ಪೊದೆಗೆ ಒಯ್ದು ಒಗೆದಿತ್ತು. ಮಿಲ್ಲಿನವನು ಇನ್ನು ನೀರಿನ ಹತ್ತಿರ ಸುಳಿಯುವುದಿಲ್ಲ ಎಂದು ಹೇಳಿ ಮನೆಗೆ ಹೋದ.

ಎಂಜಿನ್ನನ್ನು ನಾವಿಬ್ಬರೂ ದಿಂಡಿಗಲ್ಲಿಗೆ ಒಯ್ದೆವು, ಅಲ್ಲಿನ ಮೆಕ್ಯಾನಿಕ್ ಬಿಚ್ಚಿದ. ಎಂಜಿನ್ ಕಾಯದಂತೆ ನೀರು ಹರಿಯುವ ದಾರಿಯ ತುಂಬ ಕಡಲಿನ ಉಪ್ಪು ಕಲ್ಲಾಗಿ ಕೂತಿತ್ತು. ಮಾರಿದವನು ಒಂದೇ ಎಳೆತಕ್ಕೆ ಹೊರಡುತ್ತದೆ ಎಂದಿದ್ದನಂತೆ. ಅವನ ಮೇಲೆ ಗಂಡ ವಾಪಸು ಬರುವ ದಾರಿಯುದ್ದಕ್ಕೂ ಕೂಗಾಡಿದ. ಮೋಸ ಹೋದರೆ ಹೀಗಾಗುತ್ತದೆ ಎಂದು ಗಂಡನಿಗೂ ತಿಳಿಯಲಿ ಎನಿಸಿತು ನನಗೆ.

ಎಂಜಿನ್ ಸರಿಯಾಗಿ ಬಂದ ದಿನ, ಏನೂ ಆಗದವನಂತೆ ಕೇಳಿದ: "ನಾಳೆ ನೀ ಬರ್ತೀಯಾ?"

ಕೈಲಿದ್ದ ಚೊಂಬನ್ನು ನೆಲಕ್ಕೆ ಕುಕ್ಕಿದೆ. "ಆಳು ಓಡಿಹೋದ ಅಂತ ಕರೀತೀಯಾ ಮಾಮಾ? ನನ್ನ ಕೇಳಿ ಮಾರ್ದೆಯಾ ಆ ದೋಣೀನ? ಕೇಳಿ ತಂದೆಯಾ ಇದನ್ನ?"

ಅವನು ಬಗ್ಗಿ ಚೊಂಬನ್ನು ಎತ್ತಿಟ್ಟ. ಆಮೇಲೆ, "ಇಲ್ಲೆ. ಕೇಳ್ಲಿಲ್ಲೆ. ತಪ್ಪು ನಂದೇ," ಎಂದ.

"ಹಂಗಾರೆ ಎಂಜಿನ್ ನಾ ನಡೆಸ್ತೀನಿ. ನೀ ಮುಂದೆ ಕೂರು. ಆಗಲ್ಲೆ ಅಂದ್ರೆ ನಾ ಬಾಡಿಗೆಗೆ ಪರಿಸಲು ತಕ್ಕೊಂಡು ಒಬ್ಳೇ ಹೋಗ್ತೀನಿ."

ಪರಿಸಲೆಂದರೆ ಬುಟ್ಟಿಯಂಥ ಹರಿಗೋಲು. ಅದರಲ್ಲಿ ಒಬ್ಬಂಟಿಯಾಗಿ ಮೀನು ಹಿಡಿಯುವವರು ಇಲ್ಲಿ ಬೇಕಾದಷ್ಟು ಜನ. ನಾನು ಬರೀ ಬೆದರಿಸುತ್ತಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಕಾಲನ್ನು ಹಿಂದಿನ ಹಲಗೆಗೆ ಒತ್ತಿ, ಮೈಯನ್ನೆಲ್ಲ ಹಿಂದಕ್ಕೆ ಹಾಕಿ ಎಳೆಯುವುದನ್ನು ಕಲಿಯಲು ನನಗೆ ಬಹಳ ದಿನ ಹಿಡಿಯಿತು. ಅಂಗೈ ಬೊಬ್ಬೆ ಎದ್ದು ಒಡೆಯಿತು. ದಡದಲ್ಲಿ ನಿಂತು ನೋಡುವವರು ಇದ್ದೇ ಇದ್ದರು. ಅವನು ಒಂದು ಸಲವೂ ಹಗ್ಗಕ್ಕೆ ಕೈ ಚಾಚಲಿಲ್ಲ. ಚಾಚಿದ್ದರೆ ಅವತ್ತೇ ಇಳಿದು ಹೋಗುತ್ತಿದ್ದೆ. ಉದ್ದದ ಹೊಸ ಹುಟ್ಟುಗಳನ್ನು ತಾನೇ ಮಾಡಿಸಿ ತಂದ.

ಈಗ ಜಿಲೇಬಿ ಮೀನು, ಕಟ್ಲಾ ಮೊದಲಿಗಿಂತ ಹೆಚ್ಚು ಸಿಗುತ್ತವೆ. ದೋಣಿ ಒಳ್ಳೆಯದೇ. ಹಾಗೆಂದು ನಾನು ಅವನೆದುರು ಹೇಳುವುದಿಲ್ಲ. ಮೊನ್ನೆ ಬಲೆ ಬಿಡುತ್ತ, ಇನ್ನೂ ಸಿಟ್ಟು ಇಳಿದಿಲ್ಲವಾ ಎಂದು ಕೇಳಿದ. ಇಳಿದಿಲ್ಲ ಎಂದೆ. ತಲೆಯಾಡಿಸಿ ಬಲೆಯನ್ನು ನೀರಿಗೆ ಬಿಡುತ್ತ ಹೋದ.