ಲವ್‌ಡೇಯ ಒಂದು ಓಟು, ಹನ್ನೊಂದು ಬುಟ್ಟಿ

ಕೊಲರಾಡೋದಲ್ಲಿ ಹೆಂಗಸರಿಗೆ ಓಟು ಬಂದು ಹದಿನೈದು ವರ್ಷವಾಗಿದ್ದರೂ ನಮ್ಮ ಗಣಿ ಊರಿನ ಗಂಡಸರಿಗೆ ಆ ಸುದ್ದಿ ಇನ್ನೂ ಮುಟ್ಟಿದ ಹಾಗಿರಲಿಲ್ಲ. ನನ್ನ ಬೇಕರಿಯ ಪಕ್ಕದ ಮನೆಯ ಈನಸ್ ಟ್ರೆಂಬಾತ್ ಅಂತೂ ಸಾವಿರದ ಒಂಬೈನೂರ ಎಂಟರ ಗವರ್ನರ್ ಚುನಾವಣೆಯಲ್ಲಿ ಹೆಂಡತಿ ಲವ್‌ಡೇಯ ಓಟನ್ನು ರಿಪಬ್ಲಿಕನ್ನರಿಗೆ ಓಟು ಕೂಡಿಸುವ ಲ್ಯಾಟಿಮರನಿಗೆ ವಿಸ್ಕಿಗೂ, ಡೆಮೊಕ್ರಾಟರಿಗೆ ಕೂಡಿಸುವ ಕುಸಾಕನಿಗೆ ಬಿಯರಿಗೂ ಮಾರಿಬಿಟ್ಟಿದ್ದ.

ಲವ್‌ಡೇ ಊರಿನ ಬಟ್ಟೆ ಒಗೆಯುವವಳು. ಬಿಸಿನೀರಲ್ಲಿ ಬೆಂದ ಕೈ, ಅದಕ್ಕಿಂತ ಬಿಸಿ ಬಾಯಿ. ಚುನಾವಣೆಯ ಬೆಳಿಗ್ಗೆ ಅವಳ ಕುದುರೆ ಕುಂಟುತ್ತಿತ್ತು, ಹೊರಗೆ ಮೊಣಕಾಲುದ್ದ ಹಿಮ, ಇಸ್ತ್ರಿಯಾದ ಬಟ್ಟೆಯ ಹನ್ನೊಂದು ಬುಟ್ಟಿ ಬಾಗಿಲಲ್ಲೇ ಕೂತಿದ್ದವು. ಅಷ್ಟರಲ್ಲಿ ಲ್ಯಾಟಿಮರ್ ಜೋಡಿ ಕುದುರೆಯ ಗಾಡಿ ತಂದು ನಿಲ್ಲಿಸಿದ.

"ಬನ್ನಿ ಅಮ್ಮಾ, ಓಟು ಹಾಕಿ ಬರೋಣ. ನಿಮ್ಮ ಯಜಮಾನ್ರು ಮಾತು ಕೊಟ್ಟಿದಾರೆ."

"ಹೌದಾ? ಎಷ್ಟು ಕುಡಿದು?"

ಲ್ಯಾಟಿಮರ್ ಕೆಮ್ಮಿದ.

"ಬರ್ತೀನಪ್ಪ. ಆದ್ರೆ ಈ ಬುಟ್ಟಿಗಳನ್ನ ಬಿಟ್ಟು ಬರೋ ಹಾಗಿಲ್ಲ. ಎತ್ತು."

ಮೇಲಿನ ಬೀದಿಯ ಮನೆಮನೆಗೂ ಲ್ಯಾಟಿಮರ್ ಬುಟ್ಟಿ ಹೊತ್ತ. ಕೋಟಿನ ಮೇಲೆ ಗವರ್ನರ್ ಅಭ್ಯರ್ಥಿಯ ಬಿಲ್ಲೆ, ಕೈಯಲ್ಲಿ ಗಣಿ ಮೇನೇಜರನ ಒಳಉಡುಪು. ಹನ್ನೊಂದನೆಯ ಬುಟ್ಟಿ ಕುಸಾಕನದೇ. ಬಾಗಿಲು ತೆಗೆದ ಕುಸಾಕ್ ಕಣ್ಣು ಕಣ್ಣು ಬಿಟ್ಟ.

"ಏನೋ ಲ್ಯಾಟಿಮರ್, ನನ್ನ ಚಡ್ಡಿ ಹತ್ರಾನೂ ಓಟು ಕೇಳೋಕೆ ಬಂದ್ಯಾ?"

"ಸುಮ್ನಿರಯ್ಯ. ಈಯಮ್ಮನ್ನ ಕರ್ಕೊಂಡು ಹೋಗ್ತಿದೀನಿ."

"ಎಲ್ಲಿಗೆ? ಅವರ ಗಂಡ ನನಗೆ ಮಾತು ಕೊಟ್ಟಿದಾನೆ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲವ್‌ಡೇ ಆಗಲೇ ಬಾಗಿಲಲ್ಲಿ ಹೂಡಿ ನಿಲ್ಲಿಸಿದ್ದ ಕುಸಾಕನ ಗಾಡಿ ಹತ್ತಿ ಕಂಬಳಿ ಹೊದ್ದಿದ್ದಳು.

"ನಡಿಯಪ್ಪಾ ಕುಸಾಕ್. ಕೆಳಗಿನ ಬೀದೀಲಿ ಕೊಳೆಬಟ್ಟೆ ತಗೊಳ್ಳೋದಿದೆ."

ಮತಗಟ್ಟೆ ಮುಚ್ಚಲು ಅರ್ಧ ಗಂಟೆ ಇರುವಾಗ, ಗಣಿಯ ಹುಡಿ ಮೆತ್ತಿದ ಗಂಟುಗಳ ನಡುವೆ ರಾಣಿಯಂತೆ ಕೂತು ಬಂದಿಳಿದಳು. ಕುಸಾಕ್ ಅಡಿಯಿಂದ ಮುಡಿಯವರೆಗೆ ಕರ್ರಗಾಗಿದ್ದ. ಅವಳು ಪರದೆಯ ಹಿಂದೆ ಹೋಗಿ, ನಿಧಾನವಾಗಿ ಗುರುತು ಹಾಕಿ, ಹೊರಬಂದು, ಕುಸಾಕನಿಗೂ ಅವನ ಹಿಂದೆಯೇ ಬಂದು ಕಾದಿದ್ದ ಲ್ಯಾಟಿಮರನಿಗೂ ಕೈಮುಗಿಯುವಷ್ಟು ವಿನಯದಿಂದ ತಲೆಬಾಗಿ ಮನೆಗೆ ನಡೆದಳು.

ಅಂದಿನಿಂದ ಈನಸನಿಗೆ ಊರಿನ ಎರಡೂ ಸಾರಾಯಿ ಅಂಗಡಿಯಲ್ಲಿ ಬಿಟ್ಟಿ ಗುಟುಕು ಹುಟ್ಟಲಿಲ್ಲ. "ಯಾರಿಗೆ ಹಾಕ್ದೆ ಹೇಳೇ, ಅವರ ಹತ್ರಾನಾದ್ರೂ ಕೇಳ್ತೀನಿ," ಅಂತ ತಿಂಗಳುಗಟ್ಟಲೆ ಗೋಗರೆದ. ಅವಳು ಇಸ್ತ್ರಿ ಪೆಟ್ಟಿಗೆ ಎತ್ತಿ ತೋರಿಸಿದ ಮೇಲೆ ಸುಮ್ಮನಾದ.

ಅವಳು ಹಾಸಿಗೆ ಹಿಡಿದಾಗ, ಇಪ್ಪತ್ತು ವರ್ಷದ ಮೇಲೆ, ಬ್ರೆಡ್ಡು ಕೊಡಲು ಹೋದ ನಾನೂ ಕೇಳಿದೆ: "ಲವ್‌ಡೇ ಅಕ್ಕ, ಅವತ್ತು ಯಾರಿಗೆ ಹಾಕಿದ್ರಿ?"

"ಅಯ್ಯೋ, ಮರ್ತೇ ಹೋಯ್ತು ಕಣೇ," ಅಂದಳು. "ಆದ್ರೆ ಆ ಕುಸಾಕನ ಕಾಲರಿಗೆ ಎಷ್ಟು ಗಂಜಿ ಹಾಕಿದ್ರೂ ಅದು ನೆಟ್ಟಗೆ ನಿಲ್ತಿರಲಿಲ್ಲ ನೋಡು."