ಹಾಲಿನ ಡೈರಿಯಲ್ಲಿ ಹಳೆಯ ಕಾವ್ಯಕ್ಕೆ ತಕರಾರು

ಸ್ನೇಹಿತರೇ, ಹಳೆಯ ಕಾವ್ಯ ಇಂದಿಗೂ ಪ್ರಸ್ತುತವೇ ಎಂಬ ಗಹನ ಪ್ರಶ್ನೆಗೆ ಈ ಬೆಳಿಗ್ಗೆ ಮಳವಳ್ಳಿ ಕಡೆಯ ನಮ್ಮೂರ ಹಾಲಿನ ಡೈರಿಯಲ್ಲಿ ಉತ್ತರ ಸಿಕ್ಕಿತು.

ಹಾಲು ಅಳೆಯುವವರೆಗೆ ಸಾಲಿನಲ್ಲಿ ನಿಂತವರಿಗೆ ಪದ್ಯ ಓದುವುದು ನನ್ನ ನಿತ್ಯವ್ರತ. ಇಂದು ತಮ್ಮನ ಪಾಲನ್ನೂ ನುಂಗಿದ ಅರಸನ ಕಥೆ ಬಂತು. ತಮ್ಮನ ಗದ್ದೆಯೊಳಕ್ಕೆ ಬದು ಸರಿಸಿಕೊಂಡಿರುವ ಸಿದ್ದೇಗೌಡರು ಕ್ಯಾನು ಕುಕ್ಕಿದರು.

"ನನ್ ಗದ್ದೆ ಇಸ್ಯ ನಿಂಗ್ಯಾಕ್ಲಾ?"

"ಗೌಡ್ರೇ, ಇದು ನೂರಾರು ವರ್ಷದ ಹಿಂದೆ ಬರೆದದ್ದು."

"ಯಾವಾಗಾರ ಬರೀಲಿ, ಯೋಳ್ಕೊಟ್ಟಿರೋನು ನನ್ ತಮ್ಮನೇ ಕಣ್ಲಾ! ನಾಳಿಂದ ಇಲ್ಲಿ ಓದ್ಕೂಡ್ದು!"

ಹಿಂದೆ ನಿಂತಿದ್ದ ಆ ತಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ ಅಂದ: "ಅಣೋ, ಆ ಪದ್ಯವ ಇನ್ನೊಂದ್ಸಲ ಓದಣ್ಣ."

ಓದಿದೆ. ಬದು ಹಿಂದಕ್ಕೆ ಸರಿಯುವವರೆಗೂ ದಿನಾ ಅದನ್ನೇ ಓದುತ್ತೇನೆ. ಡೈರಿಯಲ್ಲಿ ಬೇಡವೆಂದರೆ ಆ ಬದುವಿನ ಮೇಲೇ ಕೂತು ಓದುತ್ತೇನೆ. ಅದು ಯಾರ ಜಾಗವೆಂದು ಎಲ್ಲರೆದುರು ಹೇಳಿ ಗೌಡರು ನನ್ನನ್ನು ಎಬ್ಬಿಸಲಿ, ನೋಡೋಣ.