ಹೊಸಿಲಾಚೆ ನಿಂತವನು

ಹೆಬ್ಬಗೋಡಿಯ ಕೃಷ್ಣಮ್ಮ ಮೊದಲೆಲ್ಲ ಅಂಜುವ ಹೆಂಗಸಾಗಿರಲಿಲ್ಲ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಮಗ ಲೋಕೇಶ್ ಕಟ್ಟಿಸಿದ ಬಾಡಿಗೆ ಮನೆಗಳನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಕುಡಿದು ಗಲಾಟೆ ಮಾಡುವ ಗಂಡಸರನ್ನೂ ಗದರಿಸಿ ಒಳಗೆ ಕಳಿಸುತ್ತಿದ್ದಳು.

ಒಂದು ಬೆಳಗ್ಗೆ ಹಾಲು ತರಲು ಹೋದಾಗ, ಬೈಕಿನಲ್ಲಿ ಬಂದವನೊಬ್ಬ ಅವಳ ಸರಕ್ಕೆ ಕೈ ಹಾಕಿದ. ಸರ ತುಂಡಾಗಲಿಲ್ಲ. ಅವನು ಬಿಡಲೂ ಇಲ್ಲ, ಮೋರಿಯವರೆಗೂ ಅವಳನ್ನು ದರದರ ಎಳೆದುಕೊಂಡು ಹೋದ. ಅಂದಿನಿಂದ ಅವಳ ಬಲಗೈ ಮೇಲೇಳುವುದಿಲ್ಲ. ಸಿಕ್ಕಿಬಿದ್ದವನ ಹೆಸರು ರುದ್ರೇಶ್. ಕೋರ್ಟಿನಲ್ಲಿ ಅವನನ್ನು ಗುರುತಿಸಿದ ಕೃಷ್ಣಮ್ಮ, ಶಿಕ್ಷೆಯಾದಾಗ, "ಜೈಲಲ್ಲೇ ಕೊಳೀಲಿ" ಎಂದು ಶಪಿಸಿದ್ದಳು.

ಕೆಲವು ವರ್ಷ ಕಳೆದವು. ಒಂದು ಮಧ್ಯಾಹ್ನ "ಗ್ಯಾಸ್" ಎಂಬ ಕೂಗಿಗೆ ಬಾಗಿಲು ತೆರೆದರೆ, ಹೆಗಲ ಮೇಲೆ ಸಿಲಿಂಡರ್ ಹೊತ್ತು ನಿಂತಿದ್ದವನು ಅದೇ ರುದ್ರೇಶ್.

ಅವಳು ಬಾಗಿಲನ್ನು ಅರ್ಧ ಮುಂದಕ್ಕೆ ತಳ್ಳಿ ಹಿಡಿದಳು. ಅವನಿಗೂ ಗುರುತು ಸಿಕ್ಕಿತು. ಸಿಲಿಂಡರನ್ನು ಹೊಸಿಲಾಚೆಯೇ ಇಳಿಸಿ ಹಿಂದೆ ಸರಿದ.

"ಒಳಕ್ಕೆ ಬರಲ್ಲಮ್ಮ. ನೀವೇ ತಗೊಳ್ಳಿ."

ಬೇಗ ಬಾಗಿಲು ಹಾಕಿಕೊಂಡರೆ ಸಾಕೆಂದು ಅವಳು ಎಡಗೈಯಲ್ಲಿ ಸಿಲಿಂಡರನ್ನು ಒಳಕ್ಕೆ ಎಳೆದಳು. ಅದು ಅಲುಗಲಿಲ್ಲ. ಸುಮ್ಮನೆ ಜೋತುಬಿದ್ದ ಅವಳ ಬಲಗೈಯನ್ನು ನೋಡಿ ರುದ್ರೇಶ್ ಮುಖ ತಿರುಗಿಸಿದ. ಅವಳು ಸಿಲಿಂಡರನ್ನು ಅಲ್ಲೇ ಬಿಟ್ಟು ಧಡಾರನೆ ಬಾಗಿಲು ಮುಚ್ಚಿ ಚಿಲಕ ಜಡಿದಳು. ಸಂಜೆ ಲೋಕೇಶ್ ಬರುವವರೆಗೂ ತೆಗೆಯಲಿಲ್ಲ.

ಲೋಕೇಶ್ ಕೆಂಡವಾದ. "ಏಜೆನ್ಸಿಗೆ ಫೋನ್ ಮಾಡ್ತೀನಮ್ಮ. ನಾಳೆಯಿಂದ ಅವನು ಈ ಕಡೆ ತಲೆ ಹಾಕಬಾರದು!"

ಕೃಷ್ಣಮ್ಮನಿಗೂ ಬೇಕಿದ್ದದ್ದು ಅದೇ. ಆದರೂ ಅವನು ನಂಬರ್ ಒತ್ತುವಾಗ ಫೋನಿನ ಮೇಲೆ ಕೈಯಿಟ್ಟಳು.

"ಬ್ಯಾಡ ಕಣೋ."

"ನಿನ್ನ ಕೈ ಹಾಳು ಮಾಡಿದವನ ಮೇಲೆ ಕನಿಕರಾನಾ?"

"ಕನಿಕರ ಅಲ್ಲ, ಭಯ. ಕೆಲ್ಸ ಓದ್ರೆ ಏನ್ ಮಾಡ್ತಾನೆ? ಇನ್ಯಾರ ಕತ್ತಿಗೋ ಕೈ ಆಕ್ತಾನೆ. ಸಿಲಿಂಡರ್ ಒತ್ಕೊಂಡಿರ್ಲಿ, ಎರಡು ಕೈಯೂ ಅದ್ರ ಮೇಲೇ ಇರ್ತವೆ."

ಮಗ ಗೊಣಗುತ್ತಲೇ ಫೋನ್ ಕೆಳಗಿಟ್ಟ. ಹಾಗೆಂದು ಅವಳ ಅಂಜಿಕೆ ಹೋಗಲಿಲ್ಲ. ಮತ್ತೆ ಸಿಲಿಂಡರ್ ಬರುವ ದಿನ, ಯಾದಗಿರಿ ಕಡೆಯಿಂದ ಬಂದು ಬಾಡಿಗೆಗಿದ್ದ ಮಹಾದೇವಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ರುದ್ರೇಶ್ ಈ ಸಲವೂ ಹೊಸಿಲಾಚೆಯೇ ಸಿಲಿಂಡರ್ ಇಳಿಸಿದ.

"ಒಳಗೆ ತಂದಿಕ್ಕು," ಎಂದಳು ಕೃಷ್ಣಮ್ಮ, ಗೋಡೆಗೆ ಒತ್ತಿ ನಿಂತು.

ಅವನು ಚಪ್ಪಲಿ ಬಿಟ್ಟು ಬಂದ. ತಲೆಯೆತ್ತದೆ ಸಿಲಿಂಡರ್ ಜೋಡಿಸಿ, ಒಲೆ ಹಚ್ಚಿ ನೋಡಿ ಆರಿಸಿದ. ಬಾಗಿಲಲ್ಲಿ ನಿಂತು, "ಅಮ್ಮಾ, ನಿಮ್ಮ ಕೈ..." ಎಂದ.

"ಅದ್ರ ಮಾತು ಎತ್ತಬ್ಯಾಡ. ಓಗು."

ಅವನು ಖಾಲಿ ಸಿಲಿಂಡರ್ ಎತ್ತಿಕೊಂಡು ಹೋದ.

"ಯಾರ್ರಿ ಅಮ್ಮಾ ಅಂವಾ?" ಮಹಾದೇವಿ ಕೇಳಿದಳು.

"ಸಿಲಿಂಡರ್ ತರೋನು," ಎಂದಳು ಕೃಷ್ಣಮ್ಮ. ಬಾಗಿಲ ಚಿಲಕ ಹಾಕಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.